ಜನರೇಟರ್ ಹಿಂದಿನ ಬೂದಿ

ಕಾರ್ಯಕ್ರಮ ಮುಗದ ಮ್ಯಾಲ ಫ್ಲೆಕ್ಸ್ ಬಿಚ್ಚೂದು ನನ್ನ ಕೆಲಸ.
ನಾಲ್ಕು ಮೂಲಿ, ನಾಲ್ಕು ಸುತಳಿ ಗಂಟು.
ಸ್ಟೋರಿಗೆ ಹಾಕು ಅಂತಾರ, ಸ್ಟೋರಿನ್ಯಾಗ ಜಾಗ ಇಲ್ಲ.
ಹಿಂಗಾಗಿ ನಮ್ಮ ಮನಿ ತಗಡಿನ ಮ್ಯಾಲ
ಮೂರು ವರ್ಷದ ವಿದ್ವತ್ತು ಹಾಸೇತಿ:
ದಾಳಿಂಬೆ ರೋಗ ನಿರ್ವಹಣೆ,
ಚಾಲುಕ್ಯ ಶಿಲ್ಪ, ಒಂದು ಮರುನೋಟ,
ವಿಶೇಷ ಉಪನ್ಯಾಸ ಮಾಲಿಕೆ ಏಳು,
ಜಲ ಸಾಕ್ಷರತಾ ಸಪ್ತಾಹ.
ಮಳಿ ಬಂದ್ರ ಜಲ ಸಾಕ್ಷರತಾ ಒಂದಽ ಸೋರತೈತಿ.

ನಾನು ದುರಗವ್ವ. ಏಳನೇತ್ತ ಓದೀನಿ.
ಈ ಸಭಾಂಗಣದ ಆರುನೂರಾ ಹತ್ತು ಕುರ್ಚಿ ನನಗ ಗುರ್ತು,
ಯಾವುದು ಕೂತ್ರ ನರಳತೈತಿ,
ಯಾವುದರ ಬೆನ್ನಿಗೆ ಯಾರು ಯಾರ ಹೆಸರು ಕೊರದಾರ.
ಗ್ಲಾಸಿಗೆ ಕಾಗದದ ಟೊಪ್ಪಿಗಿ ಹಾಕತೀನಿ.
ಹೆಸರಿನ ಫಲಕ ಎರಡೂ ಮಗ್ಗಲಾ ಬಳಸಬೇಕಂತ ಆರ್ಡರು.
ಒಂದ ಸಲ ಶಾಸಕರ ಬೆನ್ನಿಗೆ ಒಬ್ಬ ಕವಯಿತ್ರಿ ಇದ್ದಳು,
ಇಬ್ಬರಿಗೂ ಗೊತ್ತಾಗಲಿಲ್ಲ.

ಅವತ್ತಿನ ವಿಷಯ ಚರ್ಮವಾದ್ಯ.
ಪ್ರೊಫೆಸರ್ ಧಾರವಾಡದಿಂದ ಬಂದಿದ್ರು, ಪರದೆಗೆ ಚಿತ್ರಾ ತಂದಿದ್ರು.
ಪ್ರಾತ್ಯಕ್ಷಿಕೆಗೆ ಐದು ಮಂದಿ, ಹಳೇ ಊರಿನವರು,
ಹಿನ್ನೀರು ಬಂದ ಮ್ಯಾಲ ನವನಗರದ ಸೆಕ್ಟರಿಗೆ ಎದ್ದು ಬಂದವರು.
ಹಿರಿಯ ಯಮನಪ್ಪಜ್ಜ.
ಪತ್ರಿಕಿಯೊಳಗ ಅವನ ಹೆಸರಿಲ್ಲ,
‘ಕಲಾತಂಡದವರಿಂದ’ ಅಂತ ಐತಿ.
ಅವರಿಗೆ ಫಲಕಾನೂ ಇಲ್ಲ,
ನಿಂತವರಿಗೆ ಯಾಕ ಬೇಕಂತ.

ಕುಲಪತಿಗಳು ಬರತಾರಂತ ಎಸಿ ಹದಿನೆಂಟಕ್ಕ ಇಟ್ಟಿದ್ರು.
ಪೀಠಿಕೆ ನಲವತ್ತು ನಿಮಿಷ.
ಪರದೆ ಮಗ್ಗಲಾ ಅಜ್ಜ ಹಲಗಿ ಮ್ಯಾಲ ಬೆರಳಿಟ್ಟ,
ತಗದ, ಮತ್ತ ಇಟ್ಟ.
‘ಯವ್ವಾ, ಇದರ ಜೀವಾ ಹೋಗೇತಿ.’
ತಟ್ಟಿದ್ರ ಹಸೀ ರೊಟ್ಟಿ ಬಡದಂಗ.
‘ಉರಿ ಬೇಕು.’
ಗ್ವಾಡಿ ಮ್ಯಾಲ ಬೋರ್ಡು: ಬೆಂಕಿ ಹಚ್ಚುವುದನ್ನು ನಿಷೇಧಿಸಿದೆ.
ಪ್ರತಿ ಸೋಮವಾರ ಅದನ್ನ ಒರಸಾಕಿ ನಾನಽ.

ಜನರೇಟರ್ ಹಿಂದ ಕರಕೊಂಡು ಹೋದೆ.
ಕಸ ಇಲ್ಲ, ಕಡ್ಡಿ ಇಲ್ಲ, ಮುಂಜಾನೆ ಚಂದಂಗ ಬಳದಬಿಟ್ಟಿದ್ದೆ.
ಉಳದ ಪತ್ರಿಕಿ ಇದ್ದುವು, ಎರಡು ಬಂಡಲ್.
ಹೊಳ್ಳೂ ಕಾಗದ. ಹತ್ತೂದು ತಡಾ,
ಹತ್ತಿದ್ರ ಅಂಚಿಗೆ ಹಸರು ಉರಿ.
ಮೊದಲ ಅಧ್ಯಕ್ಷತೆ ಹೋತು, ಆಮ್ಯಾಲ ದಿವ್ಯ ಸಾನ್ನಿಧ್ಯ,
‘ತಮಗೆ ಆದರದ ಸ್ವಾಗತ’ ಮುದುಡಿ ಮುದುಡಿ ಕಡೀತನಾ ಇತ್ತು.
ಅಜ್ಜ ಹಲಗಿ ತಿರುವತಿದ್ದ,
ಎರಕೊಂಡ ಕೂಸಿನ ಬೆನ್ನು ಕಾಸಿದಂಗ.

‘ಒಳಗ ಅವರು ಏನ ಹೇಳಾಕತ್ತಾರ?’
‘ನಿಮ್ಮ ಸುದ್ದಿನಽ.’
‘ನಮ್ಮದೇನ ಸುದ್ದಿ?’
ನೀರು ಇಡೂ ಹೊತ್ತಿನ್ಯಾಗ ನನ್ನ ಕಿವಿಗೆ ಬಿದ್ದದ್ದು ಒಂದಽ ಮಾತು:
ನಶಿಸುತ್ತಿರುವ.
ಚೊಲೊ ಹೇಳಾಕತ್ತಾರ ಅಂದೆ.
ಅಜ್ಜ ಗದ್ದ ಎತ್ತಿ ನನ್ನ ನೋಡಿದ. ನಂಬಲಿಲ್ಲ.
ಕಡ್ಡಿ ತಗೊಂಡು ಒಂದ ಪೆಟ್ಟು ಕೊಟ್ಟ.

ತಗಡಿನ ಶೆಡ್ಡು ನಡಗಿತು.
ಒಳಗ ಮೈಕು ನಡು ವಾಕ್ಯದಾಗ ನಿಂತಿತು.
ಒಂದು ಕೆಮ್ಮು ಕೇಳಿಸ್ತು, ಧಾರವಾಡದ್ದು.

ಆಮ್ಯಾಲ ಬಾರಿಸಿದ್ರು, ಅದನ್ನೆಲ್ಲಾ ಏನ ಹೇಳೂದು.
ನಾನೂರಾ ಹನ್ನೆರಡನೇ ಕುರ್ಚಿ ಮ್ಯಾಲ ಒಬ್ಬ ಹುಡುಗಿ ಹತ್ತಿ ನಿಂತಳು,
ಅದು ಮೊದಲಽ ಮುರಕಲ ಕುರ್ಚಿ,
ಅವತ್ತು ತಡಕೊಂತು.
ವಂದನಾರ್ಪಣೆಯೊಳಗ ಎಲ್ಲಾರ ಹೆಸರು ಬಂತು,
ಲೈಟಿನವನದೂ.

ಆ ಫ್ಲೆಕ್ಸೂ ಈಗ ನಮ್ಮ ತಗಡಿನ ಮ್ಯಾಲ.
ಅದರಾಗ ಒಂದು ಹಲಗಿ, ಒಂದು ಕೈ,
ಮಣಿಕಟ್ಟಿನ ತನಕ ಅಷ್ಟಽ, ಯಾರದೋ.
ನಸಿಕಿನ್ಯಾಗ ಘಟಪ್ರಭೆ ಕಡೆಯಿಂದ ಗಾಳಿ ಎದ್ರ
ಫಟ್ ಫಟ್ ಅಂತೈತಿ.
‘ಆಯಿ, ಅಜ್ಜ ಬಂದಾನ’ ಅಂತ ಮೊಮ್ಮಗಳು ಎದ್ದು ಕುಂದರತಾಳ.
ಮಲಗು ಅಂತೀನಿ.

ಮೆಮೊ ಬಂದು ಹನ್ನೊಂದು ದಿನ ಆತು.
ಜನರೇಟರ್ ಕೊಠಡಿಯ ಹಿಂಭಾಗದಲ್ಲಿ ಬೂದಿ ಕಂಡುಬಂದಿದ್ದು,
ಸದರಿ ಬಗ್ಗೆ ವಿವರಣೆ ನೀಡತಕ್ಕದ್ದು.
ಅವರಿಗೆ ಕಂಡದ್ದು ಗಾಳಿಗೆ ಹಾರಿದ್ದು.
ಎರಡು ಬಂಡಲ್ ಪತ್ರಿಕಿಗೆ
ಇನ್ನೂ ಒಂದು ಬೊಗಸಿ ಇತ್ತು.
ಅದರಾಗ ನಾನು ವೇದಿಕೆ ಮ್ಯಾಲಿನ ಗ್ಲಾಸು ತಿಕ್ಕಿದೆ.